ಡಿಟ್, ಡಾ ಮತ್ತು ಚಿತ್ರಾನ್ನದ ಡಬ್ಬಿ

ಹೋದ ತಿಂಗಳ ಅಂಕಣದ ಕೊನೆಯಲ್ಲಿ, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕೂತು ಹ್ಯಾಮ್ ರೇಡಿಯೊದಲ್ಲಿ (ಲೈಸೆನ್ಸ್ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ), ಅದೂ ಚುಕ್ಕಿ-ಗೆರೆಗಳ ಮೋರ್ಸ್ ಕೋಡ್‌ನಲ್ಲಿ, ನಾಲ್ಕು ಊರಿನವರ ಜೊತೆ ‘ಮಾತಾಡಿ’ ಬಂದೆ ಎಂದು ಎರಡು ಸಾಲು ಬರೆದಿದ್ದೆ. ಇನ್ವರ್ಟರ್ ಬ್ಯಾಟರಿಗೆ ಯಾವ ನೀರು ಹಾಕಬೇಕು ಎಂಬ ಬಗ್ಗೆ ಅದಕ್ಕಿಂತ ಮೇಲೆ ನಾನು ಒಂದು ಪುಟ ಬರೆದದ್ದನ್ನು ಯಾರೂ ಓದಿದ ಹಾಗಿಲ್ಲ. ಬಂದ ಕಾಗದಗಳೆಲ್ಲ ಆ ಎರಡು ಸಾಲಿನ ಮೇಲೇ. ಆದ್ದರಿಂದ ಈ ಸಲ ಮಿಕ್ಕ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿ. ಮೋರ್ಸ್ ಚಾರ್ಟನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದೆ. ಯಾವ ಅಕ್ಷರ ಕೇಳಿದರೂ ಚುಕ್ಕಿ, ಗೆರೆ ಬರೆದು ತೋರಿಸುತ್ತೇನೆ. ಆದರೆ ಮೊಬೈಲ್ ಆ್ಯಪ್‌ನಲ್ಲಿ ಶಬ್ದ ಶುರುವಾದರೆ ಒಂದಕ್ಷರವೂ ಸಿಗುವುದಿಲ್ಲ. ಇದು ನನಗೆ ಒಗ್ಗದ ವಿದ್ಯೆಯೇ? (ಹಾಸನ)

ಉತ್ತರ: ತಮ್ಮಾ, ಮೊದಲು ಆ ಚಾರ್ಟನ್ನು ಕಿತ್ತುಹಾಕು. ನಿನ್ನ ಹಾಗೇ ನಾನೂ ಕೆಟ್ಟವಳು. ನಲವತ್ತೊಂದನೇ ವಯಸ್ಸಿನಲ್ಲಿ ಕಲಿಯಲು ಹೊರಟು, ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳ ಮೇಲ್ಗಡೆ ಚಾರ್ಟು ಅಂಟಿಸಿಕೊಂಡಿದ್ದೆ. ಹುಳಿಗೆ ಒಗ್ಗರಣೆ ಹಾಕುತ್ತಾ ಚುಕ್ಕಿ ಗೆರೆ ಜಪ. ಆಮೇಲೆ ಶಬ್ದ ಕೇಳಿದಾಗ ಆಗುತ್ತಿದ್ದದ್ದು ಇಷ್ಟು: ಕಿವಿಗೆ ಬಿದ್ದದ್ದನ್ನು ಮನಸ್ಸು ಮೊದಲು ಚುಕ್ಕಿ ಗೆರೆ ಮಾಡುತ್ತಿತ್ತು, ಆ ಚಿತ್ರ ಹಿಡಿದುಕೊಂಡು ಮಸಾಲೆ ಡಬ್ಬಿಯ ಮೇಲೆ ಹುಡುಕುತ್ತಿತ್ತು, ಸಿಕ್ಕಿತು ಅನ್ನುವಷ್ಟರಲ್ಲಿ ಮುಂದಿನ ಎರಡು ಅಕ್ಷರ ಹೋಗಿಯೇಬಿಟ್ಟಿರುತ್ತಿದ್ದವು. ನಿಮಿಷಕ್ಕೆ ಐದು ಪದದ ವೇಗದಲ್ಲಿ ಹೇಗೋ ನಡೆಯಿತು. ಎಂಟಕ್ಕೆ ಬೆವರು. ಹತ್ತಕ್ಕೆ ಬಂಡಿ ನಿಂತೇಹೋಯಿತು. ಕಲಿತದ್ದನ್ನು ಮರೆಯುವುದಕ್ಕೇ ನನಗೆ ಎರಡು ವರ್ಷ ಹಿಡಿಯಿತು. ನೀನು ಹಾಳುಮಾಡಿಕೊಂಡಿರುವುದು ಒಂದು ವಾರ ತಾನೇ?

1930ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಲುಡ್ವಿಗ್ ಕಾಖ್ ಹೇಳಿಕೊಟ್ಟ ದಾರಿ ಬೇರೆ. ಅಕ್ಷರಗಳನ್ನು ಶುರುವಿನಿಂದಲೇ ಪೂರ್ತಿ ವೇಗದಲ್ಲಿ ಕೇಳಬೇಕು, ಆದರೆ ಎರಡೇ ಅಕ್ಷರ. ಈಗಿನ ಹೆಚ್ಚಿನ ಪಾಠಗಳಲ್ಲಿ ಅವು ‘ಕೆ’ ಮತ್ತು ‘ಎಂ’. ಚುಕ್ಕಿಯ ಗಿಡ್ಡ ಸದ್ದು ಡಿಟ್ (ಸರಸರ ಹೇಳುವಾಗ ಡಿ), ಗೆರೆಯ ಉದ್ದ ಸದ್ದು ಡಾ. ಡಾ-ಡಿ-ಡಾ ಒಂದು, ಡಾ-ಡಾ ಇನ್ನೊಂದು. ನೂರಕ್ಕೆ ತೊಂಬತ್ತು ಸರಿಯಾದ ಮೇಲೆ ಮೂರನೆಯದು. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಡಿಟ್ ಇರುವುದು 60 ಮಿಲಿಸೆಕೆಂಡು. ಎಣಿಸಲು ಪುರುಸೊತ್ತೇ ಇಲ್ಲ, ಅದೇ ಅದರ ಗುಟ್ಟು. ಆಗ ಕಿವಿ ಇಡೀ ಅಕ್ಷರವನ್ನು ಒಂದು ಕೂಗಿನ ಹಾಗೆ ಗುರುತು ಹಿಡಿಯುತ್ತದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ ಸೊ, ಪ್ಪು ಎಂದು ಬಿಡಿಸಿ ಕೇಳುತ್ತೇವೆಯೇ? ಅಕ್ಷರ ವೇಗವಾಗಿರಲಿ, ಅಕ್ಷರಗಳ ನಡುವಿನ ಬಿಡುವು ಉದ್ದವಾಗಿರಲಿ. ಆ್ಯಪ್‌ಗಳಲ್ಲಿ ಇವೆರಡನ್ನೂ ಬೇರೆ ಬೇರೆ ಹೊಂದಿಸಬಹುದು.

ದಿನಕ್ಕೆ ಎರಡು ಸಲ, ಸಲಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂತರೆ ತಲೆನೋವು ಬರುತ್ತದೆ, ವಿದ್ಯೆ ಬರುವುದಿಲ್ಲ. ತಪ್ಪಿದ ಅಕ್ಷರದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗು. ಹೋದದ್ದಕ್ಕೆ ಅಳುತ್ತಾ ಕೂತರೆ ಬರುವುದೂ ಹೋಗುತ್ತದೆ. ಮಿಕ್ಕ ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ನಂಬರ್ ಪ್ಲೇಟನ್ನೆಲ್ಲ ಗುನುಗಿಕೋ. ನಮ್ಮ ಚಿಕ್ಕಮಗಳೂರಿನ ಗಾಡಿಗಳ ‘ಕೆಎ 18’ ನನ್ನ ಬಾಯಲ್ಲಿ ಎಷ್ಟು ಸಲ ಹಾಡಾಗಿದೆಯೋ! ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ನಾನು ಸ್ತೋತ್ರ ಹೇಳಿಕೊಳ್ಳುತ್ತಿದ್ದೇನೆ ಅಂದುಕೊಂಡು ಕೈ ಮುಗಿದದ್ದೂ ಉಂಟು.

ಪ್ರಶ್ನೆ: ಚುಕ್ಕಿ, ಗೆರೆ ಎಂದರೆ ನಮ್ಮ ಲಘು, ಗುರುವೇ ಅಲ್ಲವೇ? ಛಂದಸ್ಸು ಬಲ್ಲವರಿಗೆ ಮೋರ್ಸ್ ಸುಲಭವಾಗಬೇಕಲ್ಲ? (ನಿವೃತ್ತ ಕನ್ನಡ ಮೇಷ್ಟ್ರು, ಕಡೂರು)

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ಅವತ್ತು ರಾತ್ರಿ ಊಟ ತಡವಾಯಿತು. ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕುತ್ತಾ ಕೂತುಬಿಟ್ಟೆ. ಯಮಾತಾರಾಜಭಾನಸಲಗಂ ಸೂತ್ರದ ಎಂಟು ಗಣಗಳಿಗೂ ಮೋರ್ಸ್‌ನಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಸಿಗುತ್ತದೆ, ಒಂದೂ ಖಾಲಿ ಉಳಿಯುವುದಿಲ್ಲ. ಯಗಣ ‘ಡಬ್ಲ್ಯು’, ಮಗಣ ‘ಓ’, ತಗಣ ‘ಜಿ’, ರಗಣ ‘ಕೆ’, ಜಗಣ ‘ಆರ್’, ಭಗಣ ‘ಡಿ’, ನಗಣ ‘ಎಸ್’, ಸಗಣ ‘ಯು’. ಅಂದರೆ ಆಪತ್ತಿನ ಕರೆ ಎಸ್‌ಒಎಸ್ ಎಂದರೆ ನಗಣ, ಮಗಣ, ನಗಣ.

ಆದರೆ ಅಳತೆಯಲ್ಲಿ ಒಂದು ತಕರಾರಿದೆ. ಗುರುವಿಗೆ ಎರಡು ಮಾತ್ರೆ. ಮೋರ್ಸ್‌ನ ಡಾ ಮಾತ್ರ ಡಿಟ್‌ನ ಮೂರರಷ್ಟು ಉದ್ದ. ಹಾಗಾಗಿ ಅದು ಗುರುವಲ್ಲ, ಪ್ಲುತ. ಕೋಳಿ ಕೂಗಿನ ಕೊನೆಯ ಎಳೆತವನ್ನು ತರಗತಿಯಲ್ಲಿ ಕೂಗಿ ತೋರಿಸಿರುತ್ತೀರಲ್ಲ, ಅದು. ಇನ್ನು ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಹೊಸಬರು ಎಡವುವುದು ಶಬ್ದದಲ್ಲಿ ಅಲ್ಲ, ಈ ಬಿಡುವಿನಲ್ಲಿ. ವಾಚನದಲ್ಲಿ ಯತಿ ತಪ್ಪಿದರೆ ನಿಮಗೆ ಹೇಗೆ ಮೈ ಉರಿಯುತ್ತದೋ ಹಾಗೆ ಬಿಡುವು ನುಂಗುವ ಆಪರೇಟರನ್ನು ಕಂಡರೆ ನನಗೆ. ಗಣದ ಹೆಸರು ಹಿಡಿದು ಅಕ್ಷರ ಹುಡುಕಲು ಮಾತ್ರ ಹೋಗಬೇಡಿ. ಅದು ಇನ್ನೊಂದು ಚಾರ್ಟು ಆದೀತು. ಷಟ್ಪದಿ ಕಿವಿಗೆ ಬಿದ್ದ ಕೂಡಲೇ ಭಾಮಿನಿಯೋ ವಾರ್ಧಕವೋ ಎಂದು ಎಣಿಸದೆಯೇ ಹೇಳುತ್ತೀರಲ್ಲ, ಆ ಕಿವಿ ಬೇಕು. ಅದು ನಿಮಗಿದೆ.

ಪ್ರಶ್ನೆ: ನಾವಿಬ್ಬರೂ ವಾರಾಂತ್ಯಕ್ಕೆ ಬೆಟ್ಟ ಹತ್ತುವವರು. ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದಿದ್ದೇವೆ. ಬೆಟ್ಟದ ಮೇಲೇ ಏಕೆ ರೇಡಿಯೊ? ಏನೇನು ಹೊತ್ತೊಯ್ಯಬೇಕು? ಮಾತಾಡುವ ಬದಲು ಮೋರ್ಸ್ ಏಕೆ? (ದಂಪತಿ, ಬೆಂಗಳೂರು)

ಉತ್ತರ: ಬೆಟ್ಟದ ಮೇಲಿನ ಆಟಕ್ಕೆ ನಿಯಮ ಕಟ್ಟಿದವರು ಬ್ರಿಟನ್ನಿನ ಹ್ಯಾಮ್‌ಗಳು, 2002ರಲ್ಲಿ. ‘ಸಮಿಟ್ಸ್ ಆನ್ ದಿ ಏರ್’ ಎಂದು ಹೆಸರು, ಬಾಯಲ್ಲಿ ‘ಸೋಟಾ’. ಸಾಮಾನನ್ನು ನೀವೇ ಹೊತ್ತು ಹತ್ತಬೇಕು, ವಾಹನದ ಬ್ಯಾಟರಿಯಾಗಲಿ ಜನರೇಟರ್ ಆಗಲಿ ಬಳಸುವಂತಿಲ್ಲ, ಶಿಖರದಿಂದ 25 ಮೀಟರಿಗಿಂತ ಕೆಳಗಿಳಿಯದೆ ಕೂರಬೇಕು, ಅಂಕ ಬೇಕಿದ್ದರೆ ಬೇರೆ ಬೇರೆ ನಾಲ್ಕು ಹ್ಯಾಮ್ ರೇಡಿಯೊ ಠಾಣೆಗಳ ಜೊತೆ ಸಂಪರ್ಕ ಆಗಬೇಕು. ಸಾವಿರ ಅಂಕ ಕೂಡಿಸಿದವರನ್ನು ‘ಬೆಟ್ಟದ ಮೇಕೆ’ ಎನ್ನುತ್ತಾರೆ. ನಾನು ಅಂಕ ಎಣಿಸುವವಳಲ್ಲ, ಆದರೆ ಆ ನಾಲ್ಕರ ನಿಯಮ ಇಟ್ಟುಕೊಂಡಿದ್ದೇನೆ. ಇಲ್ಲವಾದರೆ ಕತ್ತಲಾದರೂ ಇಳಿಯುವ ಮನಸ್ಸೇ ಬರುವುದಿಲ್ಲ.

ಬೆಟ್ಟ ಏಕೆ ಎಂಬುದಕ್ಕೆ ಎರಡು ಉತ್ತರ. ಕೈಯಲ್ಲಿ ಹಿಡಿಯುವ 145 ಮೆಗಾಹರ್ಟ್ಸ್ ಸೆಟ್ಟಿಗೆ ಎತ್ತರವೇ ಎಲ್ಲ, ಏಕೆಂದರೆ ಆ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್. ಪೂರ್ವದ ಬಯಲು ಅದಕ್ಕಿಂತ ಸಾವಿರ ಮೀಟರಿನಷ್ಟು ಕೆಳಗೆ ಎಂದು ಹಿಡಿಯಿರಿ. ಸಾವಿರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ 130 ಕಿಲೋಮೀಟರ್ ಬರುತ್ತದೆ, ಅದೇ ನಿಮ್ಮ ರೇಡಿಯೊದ ದಿಗಂತ. ಆದರೆ 7 ಮೆಗಾಹರ್ಟ್ಸ್‌ನಲ್ಲಿ ಅಲೆ ವಾತಾವರಣದ ಮೇಲ್ಗಡೆಯ ವಿದ್ಯುತ್ ಕಣಗಳ ಪದರಕ್ಕೆ, ಅಂದರೆ ಅಯಾನುಗೋಳಕ್ಕೆ ತಾಗಿ ಕೆಳಗೆ ಬೀಳುವುದರಿಂದ ಎತ್ತರ ಅಷ್ಟು ಮುಖ್ಯವಲ್ಲ. ಅಲ್ಲಿ ಬೆಟ್ಟ ಕೊಡುವುದು ನಿಶ್ಶಬ್ದ. ನಮ್ಮ ಬೀದಿಯ ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್ ಎಲ್ಲ ಸೇರಿ ನನ್ನ ಮನೆಯ ರೇಡಿಯೊದಲ್ಲಿ ಸದಾ ಹುರಿಗಡಲೆ ಹುರಿಯುತ್ತಿರುತ್ತವೆ. ಬೆಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡ ಮೊದಲ ಸಲ ರೇಡಿಯೊ ಕೆಟ್ಟಿದೆ ಅಂದುಕೊಂಡಿದ್ದೆ.

ಮೋರ್ಸ್ ಏಕೆಂದರೆ ಬೆನ್ನಿನ ಭಾರಕ್ಕೆ. ಮಾತಿಗೆ ಸುಮಾರು 2,500 ಹರ್ಟ್ಸ್ ಅಗಲದ ಜಾಗ ಬೇಕು. ಮೋರ್ಸನ್ನು 500 ಹರ್ಟ್ಸ್ ಫಿಲ್ಟರ್ ಹಾಕಿ ಕೇಳಬಹುದು, ಒಳಬರುವ ಗದ್ದಲ ಐದರಲ್ಲಿ ಒಂದು ಪಾಲು. ಹಾಗಾಗಿ 5 ವ್ಯಾಟ್ ಸಾಕು, ಅಷ್ಟಕ್ಕೆ ಚಿಕ್ಕ ಬ್ಯಾಟರಿ ಸಾಕು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ‘ಆಕಾಶವಾಣಿ’ಯ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನನ್ನದು ಅದರ ಆರನೇ ಒಂದು ಪಾಲು, ಜೀರೋ ಬಲ್ಬಿನ ಮಟ್ಟದ್ದು.

ನನ್ನ ಚೀಲದಲ್ಲಿ ಇರುವುದು: ಅಂಗೈಗಿಂತ ತುಸು ದೊಡ್ಡ ರೇಡಿಯೊ, 12 ವೋಲ್ಟಿನ ಲಿಥಿಯಂ ಬ್ಯಾಟರಿ, ಗಾಳದ ಕೋಲಿನಂಥ 6 ಮೀಟರ್ ಮಡಚುಕೋಲು, ವೈರು, ಹೆಡ್‌ಫೋನ್, ಮೋರ್ಸ್ ತಟ್ಟುವ ಕೀ, ದಾರ ಕಟ್ಟಿದ ಪೆನ್ಸಿಲ್. ಪೆನ್ನು ಬೇಡ, ಮಂಜಿಗೆ ಕಾಗದ ಒದ್ದೆಯಾದರೆ ಬರೆಯುವುದಿಲ್ಲ. 7.030 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯುದ್ದದ ವೈರು ಸುಮಾರು 20.3 ಮೀಟರ್. ನಡುವೆ ಕತ್ತರಿಸಿ ಕೇಬಲ್ ಜೋಡಿಸಿ, ನಡುವನ್ನು ಕೋಲಿನ ತುದಿಗೇರಿಸಿ, ಎರಡು ತುದಿಗಳನ್ನು ಆಚೀಚೆ ಇಳಿಜಾರಿನ ಕಲ್ಲಿಗೆ ದಾರದಿಂದ ಕಟ್ಟಿದರೆ ಆಂಟೆನಾ ಆಯಿತು. ಮುಳ್ಳಯ್ಯನಗಿರಿಯ ಮೇಲೆ ದೇವಸ್ಥಾನದ ಜೊತೆಗೆ ಪೊಲೀಸರ ವೈರ್‌ಲೆಸ್ ಠಾಣೆಯೂ ಇದೆ. ಅದರ ಮಗ್ಗುಲಲ್ಲೇ ವೈರು ಎಳೆದರೆ ಅವರಿಗೆ ಅನುಮಾನ, ನಿಮಗೆ ಗದ್ದಲ. ಮೊದಲು ಹೋಗಿ ಲೈಸೆನ್ಸ್ ತೋರಿಸಿ, ವಿಷಯ ಹೇಳಿ, ಸ್ವಲ್ಪ ಕೆಳಗೆ ಸರಿದು ಕೂತುಕೊಳ್ಳಿ. ಅರಣ್ಯದ ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಮನೆಯ ವಿಳಾಸ ಬಿಟ್ಟು ಬೇರೆಡೆಯಿಂದ ಪ್ರಸಾರ ಮಾಡುವ ಬಗ್ಗೆ ನಿಮ್ಮ ಲೈಸೆನ್ಸಿನ ಷರತ್ತನ್ನೂ ಓದಿಕೊಂಡೇ ಹೊರಡಿ.

ಪಟ್ಟಿ ಒಪ್ಪಿಸಿದ್ದೇನೆ, ನಿಜ. ಆದರೆ ಹೋದ ತಿಂಗಳು ಮೇಲೆ ಹೋಗಿ ಚೀಲ ಬಿಚ್ಚಿದರೆ ಕೀ ಮನೆಯ ಮೇಜಿನ ಮೇಲೇ ಉಳಿದಿತ್ತು. ಕೀಯ ತಂತಿ ಮಾತ್ರ ಚೀಲದ ತಳದಲ್ಲಿ, ತುದಿಯಲ್ಲಿ ಎರಡು ಮೊಸಳೆ ಕ್ಲಿಪ್ಪು. ಕೀ ಎಂದರೆ ಎರಡು ಲೋಹ ತಾಗಿ ಬಿಡುವುದು, ಅಷ್ಟೇ. ಒಂದು ಕ್ಲಿಪ್ಪನ್ನು ಚಿತ್ರಾನ್ನದ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ, ಇನ್ನೊಂದನ್ನು ಚಮಚಕ್ಕೆ ಕಚ್ಚಿಸಿದೆ. ಮುಚ್ಚಳವನ್ನು ಮಂಡಿಯ ಮೇಲಿಟ್ಟುಕೊಂಡು ಚಮಚದಿಂದ ತಟ್ಟಿದರೆ ಶಬ್ದ ಬಂತು! ಆದರೆ ಮುಚ್ಚಳಕ್ಕೆ ಎಣ್ಣೆ ಮೆತ್ತಿತ್ತು. ಒಂದು ಡಿಟ್ ಒಡೆದು ಎರಡಾಗುತ್ತಿತ್ತು, ಡಾ ನಡುವೆ ತೂತು. ಸೆರಗಿನಿಂದ ಒರೆಸಿ ಒರೆಸಿ ನಿಮಿಷಕ್ಕೆ ಆರು ಪದದ ವೇಗದಲ್ಲಿ ಕರೆ ಕೊಟ್ಟೆ. ಹೈದರಾಬಾದಿನವರೊಬ್ಬರು ಉತ್ತರಿಸಿ, ಕುಶಲ ಕೇಳುವ ಮೊದಲೇ ‘ನಿಮ್ಮ ಕೀಗೆ ಏನಾಗಿದೆ?’ ಅಂದರು. ‘ಚಮಚ’ ಎಂದು ಕಳಿಸಿದೆ. ಅರ್ಧ ನಿಮಿಷ ಆ ಕಡೆಯಿಂದ ಸದ್ದಿಲ್ಲ.

ಪ್ರಶ್ನೆ: ನಾನು ತಂತಿ ಕಚೇರಿಯಲ್ಲಿ ಮೋರ್ಸ್ ಕಲಿತು ದುಡಿದವನು. 2013ರಲ್ಲಿ ತಂತಿ ಸೇವೆಯೇ ನಿಂತಿತು. ಈಗ ರೇಡಿಯೊದ ಪೀಪೀ ಶಬ್ದ ಕೇಳಿದರೆ ನನ್ನ ವಿದ್ಯೆ ಎಲ್ಲಿ ಹೋಯಿತೋ ಅನ್ನಿಸುತ್ತದೆ. (ಶಿವಮೊಗ್ಗ)

ಉತ್ತರ: ಎಲ್ಲೂ ಹೋಗಿಲ್ಲ ಸರ್. ತಮ್ಮ ಕಿವಿ ಪಳಗಿರುವುದು ತಂತಿ ಕಚೇರಿಯ ಸೌಂಡರ್ ಯಂತ್ರದ ಕಟ್-ಕಡಾ ಸದ್ದಿಗೆ. ಅಲ್ಲಿ ಎರಡು ಟಕ್ಕುಗಳ ನಡುವಿನ ಹೊತ್ತೇ ಡಿಟ್ಟೋ ಡಾನೋ ಎಂದು ಹೇಳುತ್ತದೆ. ಇಲ್ಲಿ ಆ ಹೊತ್ತಿನ ತುಂಬ ಸ್ವರ ತುಂಬಿರುತ್ತದೆ. ಕೈಗೆ ಎರಡೂ ಒಂದೇ, ಕಿವಿಗೆ ಮಾತ್ರ ಬೇರೆ. ದಿನಾ ಸ್ವಲ್ಪ ಹೊತ್ತು ಕೇಳುತ್ತಿರಿ, ಕಿವಿ ಹೊಂದಿಕೊಳ್ಳುತ್ತದೆ. ಮೇಲಿನ ಹಾಸನದ ಹುಡುಗನಿಗೆ ಪಾಠ ಹೇಳಲು ತಾವು ಒಪ್ಪಿದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ.

ಪ್ರಶ್ನೆ: ಎಂಟನೇ ತರಗತಿಯ ಮಗ ಹ್ಯಾಮ್ ಆಗುತ್ತೇನೆ, ಬೆಟ್ಟಕ್ಕೂ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕಾನೂನಿನ ತೊಡಕಿಲ್ಲವೇ? ಸಿಡಿಲಿನ ಭಯ ಬೇರೆ. (ಶಿರಸಿ)

ಉತ್ತರ: ಹನ್ನೆರಡು ತುಂಬಿದವರು ಪರೀಕ್ಷೆಗೆ ಕೂರಬಹುದಮ್ಮಾ. ಕೇಂದ್ರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಅದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಕಾಲ್‌ಸೈನ್ (ರೇಡಿಯೊದಲ್ಲಿ ನಮ್ಮ ಗುರುತಿನ ಹೆಸರು) ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಕಳಿಸಿ, ಕೇಳಿ ಬರೆದು ತೋರಿಸಬೇಕು, ಅದು ವಿಯು2. ಲೈಸೆನ್ಸ್ ಕೈಗೆ ಬರುವ ತನಕ ಪ್ರಸಾರದ ಗುಂಡಿ ಮುಟ್ಟಬಾರದು, ಅದು ಅಪರಾಧ. ಕಲಿಯುವುದಕ್ಕೆ ಆ್ಯಪ್ ಸಾಕು.

ಸಿಡಿಲಿನ ಭಯ ನಿಮಗಿರುವುದು ಒಳ್ಳೆಯದು, ನನಗೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಬೆಳಗ್ಗೆಯೇ ಹತ್ತಿ ಮಧ್ಯಾಹ್ನದೊಳಗೆ ಇಳಿದುಬಿಡುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಆದರೆ ಆ ಲೆಕ್ಕ ಮನೆಯ ಜಗಲಿಯಲ್ಲಿ ಕೂತು ಮಾಡುವುದಕ್ಕೆ. ಬೆಟ್ಟದ ಮೇಲೆ ಮೊದಲ ಗುಡುಗು ಕೇಳಿದ ಕೂಡಲೇ ವೈರು ಸುತ್ತಿ ಇಳಿಯಬೇಕು, ಎಷ್ಟೇ ಒಳ್ಳೆಯ ಸಂಪರ್ಕ ನಡೆಯುತ್ತಿದ್ದರೂ. ಮೂರು ಸಂಪರ್ಕ ಮುಗಿಸಿ ನಾಲ್ಕನೆಯದನ್ನು ಬಿಟ್ಟು ಇಳಿದ ದಿನಗಳು ನನ್ನ ಲಾಗ್ ಪುಸ್ತಕದಲ್ಲಿ ಹತ್ತಾರಿವೆ. ಮಗನ ಜೊತೆ ನೀವೂ ಹತ್ತಿ.

ಪ್ರಶ್ನೆ: ಮೋರ್ಸ್‌ನಲ್ಲಿ ಕನ್ನಡ ಮಾತಾಡಬಹುದೇ? (ಚಿತ್ರದುರ್ಗ)

ಉತ್ತರ: ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸುತ್ತೇವೆ, ಮೊಬೈಲಿನಲ್ಲಿ ಮೆಸೇಜು ಹಾಕುವ ಹಾಗೆ. ಅವತ್ತು ಮುಳ್ಳಯ್ಯನಗಿರಿಯಲ್ಲಿ ನಾಲ್ಕನೆಯವರಾಗಿ ಸಿಕ್ಕಿದ್ದು ಬೆಂಗಳೂರಿನ ಹಳೆಯ ಪರಿಚಯದವರು. ಹೈದರಾಬಾದಿನವರ ಜೊತೆಗಿನ ಚಮಚದ ಮಾತನ್ನೆಲ್ಲ ಕೇಳಿಸಿಕೊಂಡೇ ಕಾದಿದ್ದರು ಅಂತ ಕಾಣುತ್ತದೆ. ಹೆಸರು, ಊರು, ಸಿಗ್ನಲ್ ವರದಿ ಯಾವುದೂ ಇಲ್ಲದೆ ಮೊದಲು ಬಂದದ್ದು ಎರಡು ‘ಓ’, ಉದ್ದುದ್ದನೆಯ ಆರು ಡಾ. ಆಮೇಲೆ ಟಿ, ಎ. ‘ಊಟ ಆಯ್ತಾ?’ ಕೀಯನ್ನು ಡಬ್ಬಿಯಿಂದ ಕಿತ್ತರೆ ತಾನೇ ಊಟ! ‘ಇನ್ನೂ ಇಲ್ಲ, ಮುಚ್ಚಳ ಕೆಲಸದಲ್ಲಿದೆ’ ಎಂದು ತಟ್ಟಿ ಮುಗಿಸುವಷ್ಟರಲ್ಲಿ ಕೋತಿಯೊಂದು ಚಿತ್ರಾನ್ನದ ಹತ್ತಿರ ಬಂದು ಕೂತಿತ್ತು.