ಡಿವಿಡಿ ಮಾಸ್ಟರಿಂಗ್‌ಗೆ 26 ಮೆಗಾಬಿಟ್ ಸಾಕಲ್ಲ, ಅಷ್ಟು ಫಾಸ್ಟ್ ಸರ್ಕ್ಯೂಟ್ ಯಾಕ?

ಡಿವಿಡಿ ಮಾಸ್ಟರಿಂಗ್ ಅಂದ್ರ ಡಿಸ್ಕ್ ಅಚ್ಚಿಗೆ ಬೇಕಾದ ಮೂಲ ಗಾಜಿನ ಪ್ಲೇಟ್ ಲೇಸರ್‌ಲೆ ಬರಿಯೋದು; ಅದರ ಚಾನೆಲ್ ರೇಟ್ (ಬಿಟ್ ಬರಿಯೋ ವೇಗ) ಸೆಕೆಂಡಿಗೆ ಬರೀ 26.16 ಮೆಗಾಬಿಟ್ ಅದ, ಎಫ್‌ಪಿಜಿಎ (ನಾವೇ ಲಾಜಿಕ್ ತುಂಬೋ ಚಿಪ್) ಪಿನ್ನಿಂದ ಸೀದಾ ಲೇಸರ್ ಮಾಡ್ಯುಲೇಟರ್ (ಲೇಸರ್ ಬೆಳಕು ಆನ್-ಆಫ್ ಮಾಡೋ ಭಾಗ) ಡ್ರೈವರ್‌ಗೆ ಕೊಟ್ರ ನಡೆಯಂಗಿಲ್ಲೇನು ಅಂತ ಕೇಳೀರಿ. ನಾನೂ ಹಂಗೇ ತಿಳ್ಕೊಂಡಿದ್ದೆ ನೋಡ್ರಿ. ಕಲಬುರಗಿಗೆ ಬಂದು ರಿಪೇರಿ ಬೆಂಚ್ ಹಾಕೋ ಮುಂಚೆ ಒಂದು ಮಾಸ್ಟರಿಂಗ್ ಯುನಿಟ್‌ನಾಗ ಇದೇ ಬೋರ್ಡ್ ಮಾಡಿ ಬೈಸ್ಕೊಂಡೀನಿ.

ಗಾಜಿನ ಪ್ಲೇಟ್ ಮ್ಯಾಲ ಫೋಟೊರೆಸಿಸ್ಟ್ (ಬೆಳಕಿಗೆ ಬದಲಾಗೋ ಲೇಪ) ಇರ್ತದ, ಲೇಸರ್ ಆನ್-ಆಫ್ ಆದಂಗ ಪಿಟ್ (ಸಣ್ಣ ತಗ್ಗು) ಬೀಳ್ತದ, ಆ ಪಿಟ್ ಎಲ್ಲಿ ಸುರು ಎಲ್ಲಿ ಮುಗೀತು ಅನ್ನೋದೇ ಡೇಟಾ. ಒಂದು ಟಿ ಅಂದ್ರ ಒಂದು ಬಿಟ್ಟಿನ ಹೊತ್ತು, 38.2 ನ್ಯಾನೊಸೆಕೆಂಡ್, ಎಲ್ಲಕ್ಕಿಂತ ಸಣ್ಣ ಪಿಟ್ ಮೂರು ಟಿ, ಉದ್ದ 0.4 ಮೈಕ್ರಾನ್. ಜಿಟ್ಟರ್, ಅಂದ್ರ ಎಡ್ಜ್ (ಆನ್-ಆಫ್ ಬದಲಾಗೋ ಕ್ಷಣ) ಹಿಂದಮುಂದ ಸರಿಯೋದು, ಟಿ-ದ 8% ಒಳಗಿರಬೇಕು, ಅಂದ್ರ ಬರೀ 3 ನ್ಯಾನೊಸೆಕೆಂಡ್, ಅದೂ ತಯಾರಾದ ಡಿಸ್ಕ್ ಮ್ಯಾಲ ಅಳೆದಿದ್ದು, ಡೆವಲಪಿಂಗ್, ಸ್ಟ್ಯಾಂಪರ್ (ಲೋಹದ ಅಚ್ಚು), ಮೋಲ್ಡಿಂಗ್ ಎಲ್ಲಾ ಅದ್ರಾಗೇ ಪಾಲು ತಿಂತಾವ. ಅದಕ್ಕ ಸರ್ಕ್ಯೂಟ್ ಪಾಲಿಗೆ ನಾನಂತೂ 200 ಪಿಕೊಸೆಕೆಂಡ್ ದಾಟಗೊಡಂಗಿಲ್ಲ.

ಎಫ್‌ಪಿಜಿಎ ಒಳಗ ನೂರಾರು ಲಾಜಿಕ್ ಒಮ್ಮೆಲೆ ಬದಲಾದಾಗ ಗ್ರೌಂಡ್ ಅಲುಗಾಡಿ ಎಡ್ಜ್ ಹಿಂದಮುಂದ ಸರೀತದ. ಅದಕ್ಕ ಕೊನಿ ಫ್ಲಿಪ್‌ಫ್ಲಾಪ್ (ಕ್ಲಾಕ್ ಬಡಿದಾಗಷ್ಟೇ ಬಿಟ್ ಹೊರಗ ಬಿಡೋ ಸರ್ಕ್ಯೂಟ್) ಹೊರಗ ಇಡ್ರಿ, ಇಸಿಎಲ್ (ಭಾಳ ಫಾಸ್ಟ್ ಜಾತಿ ಲಾಜಿಕ್ ಚಿಪ್) ತಗೋರಿ, ಡ್ರೈವರ್ ಬಾಜೂಕೇ ಇರಲಿ, ಕ್ಲಾಕ್ ಮಾತ್ರ ಕ್ರಿಸ್ಟಲ್ ಆಸಿಲೇಟರ್‌ದಿಂದ ಸೀದಾ, ಎಫ್‌ಪಿಜಿಎ ಪಿಎಲ್‌ಎಲ್ (ಚಿಪ್ ಒಳಗ ಕ್ಲಾಕ್ ತಯಾರಿಸೋ ಭಾಗ) ಹಾದು ಬರಬಾರದು. ಕೇಬಲ್ ಕೊನಿಗೆ 50 ಓಮ್ ರೆಸಿಸ್ಟರ್ ಹಾಕೋದು ಮರೀಬ್ಯಾಡ್ರಿ, ಇಲ್ಲಾಂದ್ರ, ಒಂದು ಮೀಟರ್ ಕೇಬಲ್‌ನಾಗ ಸಿಗ್ನಲ್ ಹೋಗಿ ತಿರುಗಿ ಬರ್ಲಿಕ್ಕೆ ಹತ್ತು ನ್ಯಾನೊಸೆಕೆಂಡ್ ಆಗ್ತದ, ರಿಫ್ಲೆಕ್ಷನ್ ಬಂದು ಎಡ್ಜ್ ಕೆಡಿಸ್ತದ.

ಮಾಡ್ಯುಲೇಟರ್ ಅಕೌಸ್ಟೊ-ಆಪ್ಟಿಕ್ (ಹರಳಿನಾಗ ಶಬ್ದದ ಅಲೆ ಬಿಟ್ಟು ಬೆಳಕು ತಿರುಗಿಸೋದು) ಇದ್ರ ಇನ್ನೊಂದು ತಾಪತ್ರಯ. ಟೆಲ್ಲುರಿಯಂ ಡೈಆಕ್ಸೈಡ್ ಹರಳಿನಾಗ ಶಬ್ದ ಸೆಕೆಂಡಿಗೆ 4200 ಮೀಟರ್ ಓಡ್ತದ, ಬೀಮ್ 100 ಮೈಕ್ರಾನ್ ದಪ್ಪ ಇದ್ರ ದಾಟ್ಲಿಕ್ಕೇ 24 ನ್ಯಾನೊಸೆಕೆಂಡ್ ಹೋಯ್ತು, ನಿಮ್ಮ ಡ್ರೈವರ್ ಎಷ್ಟು ಫಾಸ್ಟ್ ಇದ್ರೇನು. ಅಲ್ಲಿ ಬೀಮ್ ಸಣ್ಣ ಮಾಡ್ಬೇಕು, ಇಲ್ಲಾಂದ್ರ ಶಬ್ದದ ಬದಲಿ ವೋಲ್ಟೇಜ್‌ಲೆ ನಡೆಯೋ ಎಲೆಕ್ಟ್ರೊ-ಆಪ್ಟಿಕ್‌ಗೆ ಹೋಗ್ಬೇಕು.

ಅಳೆಯೋದ್ರಾಗ ನಾನು ಭಾಳ ದಡ್ಡತನ ಮಾಡೀನಿ. ಸ್ಕೋಪ್‌ನಾಗ ಎಡ್ಜ್ ಮ್ಯಾಲ ರಿಂಗಿಂಗ್ (ಸಿಗ್ನಲ್ ನಡುಗೋದು) ಕಾಣ್ತಿತ್ತು, ಎರಡು ದಿನ ರೆಸಿಸ್ಟರ್ ಬದಲು ಮಾಡಿ ಮಾಡಿ ಸಾಕಾಯ್ತು, ಕೊನಿಗೆ ನೋಡಿದ್ರ ಪ್ರೋಬ್‌ದ ಉದ್ದನ ಕ್ಲಿಪ್ ಗ್ರೌಂಡ್ ವೈರ್‌ದೇ ಆಟ. ಅದು ತೆಗೆದು ಪ್ರೋಬ್ ಕುತ್ತಿಗಿಗೆ ಭಾಳ ಗಿಡ್ಡ ತಾಮ್ರದ ತಂತಿ ಸುತ್ತಿ, ಅದರ ತುದಿ ಬಾಜೂದ ಗ್ರೌಂಡ್ ವಯಾಕ್ಕ (ಬೋರ್ಡ್‌ನಾಗ ಲೋಹ ಹಚ್ಚಿದ ತೂತು) ತಾಗಿಸಿದೆ, ರಿಂಗಿಂಗ್ ಮಾಯ. (ಈಗಲೂ ಮೇದಾಗ ನಮ್ಮ ಬಿಸಿಲಿಗೆ ಕೂಲರ್ ಹಚ್ಚಿ ಉದ್ದ ವೈರ್‌ಲೆ ಅಳೆದ್ರ ಅದರ ಮೋಟರ್ ಗದ್ದಲನೂ ಸ್ಕೋಪ್‌ನಾಗ ಕಾಣ್ತದ.)

ನಿಮ್ಮ ಬೋರ್ಡ್‌ನಾಗ ಕೊನಿ ಫ್ಲಿಪ್‌ಫ್ಲಾಪ್‌ಗೆ ಕ್ಲಾಕ್ ಎಲ್ಲಿಂದ ಬರ್ಲತ್ತದ, ಅದೊಂದು ಹೇಳ್ರಿ.