‘ಅದೇ ಮಷಿನ್, ಅದೇ ಸಂಬಳ, ಒಂದು ಸಹಿ ಅಷ್ಟೇ’

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನಮ್ಮ ಜಿಲ್ಲೆಯಲ್ಲಿ ಐಟಿಐ ಮುಗಿಸಿದ ಹುಡುಗರು ಧಾರವಾಡ, ಬಿಡದಿ, ಹೊಸೂರು, ಗೋವಾದ ವೆರ್ಣಾ ಅಂತ ಹೋಗಿ ಗಾಡಿಯ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಇದ್ದಾರೆ. ಕಂಪನಿಗಳು ಆ ಕೆಲಸವನ್ನು ಹೊರಗುತ್ತಿಗೆಗೆ ಕೊಡುತ್ತಿವೆ. ಇವರು ಊರಿಗೆ ಬಂದಾಗ ಸಲಹೆ ಕೇಳಲು ಶಿರಸಿಯ ನನ್ನ ಮನೆ ಜಗಲಿಗೆ ಬರುತ್ತಾರೆ. ಬೇಸರದ ಸಂಗತಿ ಏನೆಂದರೆ, ಹತ್ತರಲ್ಲಿ ಎಂಟು ಜನ ರಾಜೀನಾಮೆಗೆ ಸಹಿ ಹಾಕಿ ಆದ ಮೇಲೆ ಬರುತ್ತಾರೆ. ಪಿಎಫ್ ಎಂದರೆ ಭವಿಷ್ಯ ನಿಧಿ, ಇಎಸ್‌ಐ ಎಂದರೆ ಕಾರ್ಮಿಕರ ವಿಮೆ; ಇದಕ್ಕಿಂತ ಜಾಸ್ತಿ ಇಲ್ಲಿ ಮತ್ತೆ ಹೇಳುವುದಿಲ್ಲ. ಅದು ನಿಮಗೆ ಗೊತ್ತಿದೆ.

ಪ್ರಶ್ನೆ: ಧಾರವಾಡದಲ್ಲಿ ಬ್ರೇಕ್ ಡ್ರಮ್ ಮಾಡುವ ಕಂಪನಿಯಲ್ಲಿ 9 ವರ್ಷದಿಂದ ಮಷಿನ್ ಆಪರೇಟರ್ ಆಗಿದ್ದೇನೆ. ನಮ್ಮ ಲೈನನ್ನು ಕಂಟ್ರಾಕ್ಟರ್‌ಗೆ ಕೊಡ್ತಾರಂತೆ. ರಾಜೀನಾಮೆ ಬರೆದುಕೊಟ್ಟು ಅವನ ರೋಲಿಗೆ ಬನ್ನಿ, ಅದೇ ಮಷಿನ್, ಅದೇ ಸಂಬಳ, ಒಂದು ಸಹಿ ಅಷ್ಟೇ ಎಂದು ಎಚ್‌ಆರ್‌ನವರು ಹೇಳ್ತಿದ್ದಾರೆ. ಜೊತೆಯವರು ಆರು ಜನ ಸಹಿ ಹಾಕಿದ್ದಾರೆ. ನಾನು ಹಾಕಬಹುದಾ ಸರ್? — ಸಿದ್ದಾಪುರ ತಾಲ್ಲೂಕಿನ ಓದುಗ

ಹಾಕಬೇಡಿ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟೇ ಸಾಕು. ಹಾಕಬೇಡಿ.

ಯಾಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಸಂಬಳ ತಿಂಗಳಿಗೆ 18,200 ರೂಪಾಯಿ ಎಂದುಕೊಳ್ಳೋಣ. 9 ವರ್ಷದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡುಗಂಟು, 94,500 ರೂಪಾಯಿ ಆಗುತ್ತದೆ. 18,200ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 9ರಿಂದ ಗುಣಿಸಿ ನೋಡಿ. ನೀವಾಗಿ ಬಿಟ್ಟರೂ ಇದು ಸಿಗಬೇಕು. ಆದರೆ ಕೆಲಸ ಹೊರಗೆ ಕೊಟ್ಟ ಕಾರಣಕ್ಕೆ ಕಂಪನಿಯೇ ನಿಮ್ಮನ್ನು ತೆಗೆದರೆ ಕಾನೂನಿನ ಪ್ರಕಾರ ಅದು ರಿಟ್ರೆಂಚ್‌ಮೆಂಟ್. ಆಗ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅದರ ಬದಲು 18,200. ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ, ಅಂದರೆ ಸುಮಾರು 81,900. ಹೊಸ ಕಾನೂನಿನಲ್ಲಿ ಬೇರೆ ಕೆಲಸ ಕಲಿಯಲಿ ಎಂದು ಇನ್ನೂ 15 ದಿನದ ಸಂಬಳ, ಸುಮಾರು 9,100. ಒಟ್ಟು 1,09,200 ರೂಪಾಯಿ. ನಿಮ್ಮ ಒಂದು ಸಹಿಯಿಂದ ಕಂಪನಿಗೆ ಉಳಿಯುವುದು ಇಷ್ಟು. ‘ಅಷ್ಟೇ’ ಎಂದು ಅವರು ಹೇಳಿದ್ದು ಇದಕ್ಕೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ರಾಜೀನಾಮೆ ಕೊಟ್ಟ ಮರುದಿನ ನಿಮ್ಮ ಸೇವೆ ಸೊನ್ನೆಯಿಂದ ಶುರು. 9 ವರ್ಷದ ಹಳಬ ಹೋಗಿ ನಿನ್ನೆ ಸೇರಿದ ಹುಡುಗ ಆಗುತ್ತೀರಿ. ನಾಳೆ ಕಂಟ್ರಾಕ್ಟರ್‌ನ ಟೆಂಡರ್ ಮುಗಿದರೆ ಇನ್ನೊಬ್ಬ ಬರುತ್ತಾನೆ, ಮತ್ತೆ ಸೊನ್ನೆ. ಹೋದ ತಿಂಗಳು ಒಬ್ಬ ಹುಡುಗ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಪೇ ಸ್ಲಿಪ್ ಕಟ್ಟಿಕೊಂಡು ಬಂದಿದ್ದ. ಏಳು ವರ್ಷ ಒಂದೇ ಗೇಟು, ಒಂದೇ ಮಷಿನ್. ಪೇ ಸ್ಲಿಪ್ಪಿನ ಮೇಲೆ ನಾಲ್ಕು ಕಂಟ್ರಾಕ್ಟರ್‌ಗಳ ಹೆಸರು. ಅವನ ನೀಲಿ ಅಂಗಿಯ ಜೇಬಿನ ಮೇಲೆ ಹಳೇ ಬ್ಯಾಡ್ಜು ಬಿಚ್ಚಿ ಹೊಸದು ಹೊಲಿದ ಗುರುತು ಕಾಣುತ್ತಿತ್ತು. ಸೂಜಿಯ ತೂತು ಹಾಗೇ ಇತ್ತು. ಗ್ರಾಚ್ಯುಟಿ ಎಷ್ಟು ಬಂತು ಎಂದು ಕೇಳಿದೆ. ಒಂದು ಪೈಸೆ ಇಲ್ಲ. ಯಾರ ಹತ್ತಿರವೂ ಗ್ರಾಚ್ಯುಟಿಗೆ ಬೇಕಾದ 5 ವರ್ಷ ಆಗಲಿಲ್ಲವಲ್ಲ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗಬೇಕು. ನಮ್ಮ ಅಜ್ಜಂದಿರು ಗೇಣಿ ಮಾಡಿದವರು. 1974ರ ಮಾರ್ಚ್ 1ಕ್ಕೆ ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂದಾಗ ಗೇಣಿ ರಸೀದಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಡಿಕ್ಲರೇಶನ್ ಹಾಕಿ ಜಮೀನು ಉಳಿಸಿಕೊಂಡರು. ಒಡೆಯರು ಕರೆದು ‘ಒಂದು ಹೆಬ್ಬೆಟ್ಟು ಒತ್ತು ಮಾರಾಯ, ಸಾಗುವಳಿ ನೀನೇ ಮಾಡು’ ಎಂದಾಗ ನಂಬಿ ಒತ್ತಿದವರು ಕಳೆದುಕೊಂಡರು. ಜಮೀನು ಬಿಟ್ಟುಕೊಡುವ ಆ ಕಾಗದವನ್ನೂ ರಾಜೀನಾಮೆ ಅಂತಲೇ ಕರೆಯುತ್ತಿದ್ದರು. ಹೊಲದಲ್ಲಿ ನಿಂತವನು ಅವನೇ, ನೇಗಿಲು ಹಿಡಿದವನೂ ಅವನೇ. ಕಾಗದದಲ್ಲಿ ಮಾತ್ರ ಅವನಿಲ್ಲ. ನಿಮಗೆ ಈಗ ಹೇಳುತ್ತಿರುವುದೂ ಇದೇ ಮಾತು.

ಕಂಪನಿಗೆ ಹೊರಗೆ ಕೊಡುವ ಹಕ್ಕಿಲ್ಲವಾ ಎಂದರೆ, ಇದೆ. ಗಾಡಿ ಕಂಪನಿಗಳು ಎಲ್ಲಾ ಭಾಗಗಳನ್ನು ತಾವೇ ಮಾಡುವ ಕಾಲ ಹೋಗಿ ಬಹಳ ವರ್ಷ ಆಯಿತು. ಅಮೆರಿಕದ ಜನರಲ್ ಮೋಟರ್ಸ್ ತನ್ನ ಬಿಡಿಭಾಗದ ವಿಭಾಗವನ್ನು 1999ರಲ್ಲಿ ಡೆಲ್ಫಿ ಎಂಬ ಬೇರೆ ಕಂಪನಿ ಮಾಡಿ ಕೈತೊಳೆದುಕೊಂಡಿತು. 2005ರ ಅಕ್ಟೋಬರ್‌ನಲ್ಲಿ ಡೆಲ್ಫಿ ದಿವಾಳಿ ಅರ್ಜಿ ಹಾಕಿ, ಕೆಲಸಗಾರರ ಗಂಟೆ ಕೂಲಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಕೆಂದು ಕೇಳಿತು. ಅಲ್ಲಿ ಬಿಟ್ಟ ಕೆಲಸ ಮೆಕ್ಸಿಕೋ, ಚೀನಾ, ಭಾರತಕ್ಕೆ ಬಂತು. ಇಲ್ಲಿಗೆ ಬಂದ ಮೇಲೆ ಕಂಪನಿಯಿಂದ ವೆಂಡರ್‌ಗೆ, ವೆಂಡರ್‌ನಿಂದ ಕಂಟ್ರಾಕ್ಟರ್‌ಗೆ ಇಳಿಯುತ್ತಾ ಹೋಗುತ್ತದೆ. ಒಂದೊಂದು ಮೆಟ್ಟಿಲಿನಲ್ಲೂ ಒಬ್ಬ ಕಮಿಷನ್ ತೆಗೆದುಕೊಳ್ಳುತ್ತಾನೆ. ಕೊನೆಯ ಮೆಟ್ಟಿಲಿನಲ್ಲಿ ನೀವು ನಿಂತಿದ್ದೀರಿ. ಆದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. 2009ರಲ್ಲಿ ಗುರುಗ್ರಾಮದ ರಿಕೋ ಆಟೋ ಕಾರ್ಖಾನೆಯಲ್ಲಿ ಕೆಲಸ ನಿಂತಾಗ ಭಾಗಗಳು ಸಿಗದೆ ಕೆನಡಾದ ಫೋರ್ಡ್ ಕಾರ್ಖಾನೆ ನಿಂತುಹೋಗಿತ್ತು.

ಹೊರಗೆ ಕೊಡುವ ಹಕ್ಕಿದ್ದರೂ ಅದಕ್ಕೆ ಬೇಲಿ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಂಪನಿಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದು ಎಂಬುದು ಅದರಲ್ಲಿದೆ. ಕ್ಯಾಂಟೀನು, ಸೆಕ್ಯೂರಿಟಿ, ಸ್ವಚ್ಛತೆ ಇವು ಮುಖ್ಯ ಕೆಲಸ ಅಲ್ಲ. ಬ್ರೇಕ್ ಡ್ರಮ್ ಕಂಪನಿಯಲ್ಲಿ ಡ್ರಮ್ ಟರ್ನಿಂಗ್ ಮಾಡುವುದು ಮುಖ್ಯ ಕೆಲಸ ಅಲ್ಲದೆ ಮತ್ತೇನು? ವಿನಾಯಿತಿಗಳೂ ಇವೆ. ಆರ್ಡರ್ ಒಮ್ಮೆಲೇ ಜಾಸ್ತಿ ಬಂತು, ಅಂಥ ಕೆಲಸ ಮೊದಲಿನಿಂದಲೂ ಗುತ್ತಿಗೆಯಲ್ಲೇ ನಡೆಯುತ್ತಿತ್ತು ಎಂದು ಕಂಪನಿ ವಾದಿಸಬಹುದು. ಗುತ್ತಿಗೆ ಕಾರ್ಮಿಕರು 50ಕ್ಕಿಂತ ಕಡಿಮೆ ಇದ್ದರೆ ಈ ಭಾಗ ಅನ್ವಯಿಸುವುದೇ ಇಲ್ಲ. ಕಾರ್ಖಾನೆಯಲ್ಲಿ 300 ಅಥವಾ ಹೆಚ್ಚು ಕೆಲಸಗಾರರಿದ್ದರೆ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕು. ಮೊದಲು ಈ ಅಂಕಿ 100 ಇತ್ತು. ಅದನ್ನು ಏರಿಸಿದ್ದು ನಿಮ್ಮಂಥವರಿಗೆ ಆದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ಅದಕ್ಕಿಂತ ಕಡಿಮೆ ಜನ ಇರುವ ಕಡೆಯೂ ನೋಟಿಸು, ಪರಿಹಾರ ಎರಡೂ ಕೊಡಲೇಬೇಕು.

ಈಗ ಮಾಡಬೇಕಾದದ್ದು. ಎಚ್‌ಆರ್ ಬಾಯಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೊಡುವುದಿಲ್ಲ, ನನಗೆ ಗೊತ್ತು. ಆಗ ನೀವೇ ಬರೆಯಿರಿ. ಇಂಗ್ಲಿಷ್ ಬೇಡ, ಕನ್ನಡದಲ್ಲೇ ನಾಲ್ಕು ಸಾಲು: ಇಂಥ ತಾರೀಕು ಇಂಥವರು ರಾಜೀನಾಮೆ ಕೇಳಿದರು, ನನಗೆ ಕೆಲಸ ಬಿಡುವ ಮನಸ್ಸಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ. ಕಂಪನಿಗೊಂದು, ಧಾರವಾಡದ ಕಾರ್ಮಿಕ ಅಧಿಕಾರಿಗೊಂದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನೇಮಕಾತಿ ಪತ್ರ, ಪೇ ಸ್ಲಿಪ್, ಗೇಟ್ ಪಾಸ್ ಎಲ್ಲದರ ಫೋಟೋ ತೆಗೆದು ಊರಿಗೂ ಒಂದು ಪ್ರತಿ ಕಳಿಸಿ. ಬಾಡಿಗೆ ರೂಮಿನಲ್ಲಿ ಇಟ್ಟ ಕಾಗದ ರೂಮು ಬದಲಿಸುವಾಗ ಕಳೆದುಹೋಗುತ್ತದೆ, ಎಷ್ಟೋ ಸಲ ನೋಡಿದ್ದೇನೆ. ಗೇಟಿನಲ್ಲಿ ತಡೆದರೆ ಜಗಳ ಬೇಡ. ಆ ದಿನವೇ ಇನ್ನೊಂದು ಪತ್ರ ಹಾಕಿ.

ಸಹಿ ಹಾಕಿದ ಆ ಆರು ಜನರಿಗೂ ಹೇಳಿ, ಸುಮ್ನೆ ಕೂರಬೇಡಿ ಎಂದು. ಒತ್ತಾಯದಿಂದ ಬರೆಸಿಕೊಂಡರು, ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಇವತ್ತೇ ಬರೆಯಲಿ. ರಾಜೀನಾಮೆ ಅಂಗೀಕಾರ ಆಗುವ ಮೊದಲು ಬರೆದರೆ ಬಲ ಜಾಸ್ತಿ. ಆರು ತಿಂಗಳು ಬಿಟ್ಟು ಬಂದರೆ ನನಗೂ ಕೈ ಕಟ್ಟಿದಂತೆ.

ಪ್ರಶ್ನೆ: 240 ದಿನ ಕೆಲಸ ಮಾಡಿದರೆ ತನ್ನಿಂದ ತಾನೇ ಪರ್ಮನೆಂಟ್ ಅಂತಾರೆ. ಹುಬ್ಬಳ್ಳಿಯಲ್ಲಿ ಒಬ್ಬರು 40,000 ಕೊಟ್ಟರೆ ಆರ್ಡರ್ ಮಾಡಿಸಿಕೊಡ್ತಾರಂತೆ. — ಕುಮಟಾ

ಸುಳ್ಳು. 240 ದಿನ ಆದರೆ ನಿಮ್ಮನ್ನು ತೆಗೆಯುವಾಗ ನೋಟಿಸು, ಪರಿಹಾರ ಕೊಡಬೇಕು, ಅಷ್ಟೇ. ಗುತ್ತಿಗೆ ಕಾರ್ಮಿಕರು ತನ್ನಿಂದ ತಾನೇ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಗುತ್ತಿಗೆ ಬರೀ ನಾಟಕ, ನಿಜವಾದ ಮಾಲೀಕ ಕಂಪನಿಯೇ ಎಂದು ಸಾಬೀತು ಮಾಡಿದರೆ ಮಾತ್ರ ದಾರಿ ಇದೆ. ಅದಕ್ಕೆ ಸಾಕ್ಷಿ ಬೇಕು. ರಜೆ ಕೊಟ್ಟದ್ದು ಯಾರು, ಶಿಫ್ಟ್ ಹಾಕಿದ್ದು ಯಾರು, ಬೈದದ್ದು ಯಾರು? ಕಂಪನಿ ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ‘ನಾಳೆ ಸೆಕೆಂಡ್ ಶಿಫ್ಟ್ ಬಾ’ ಎಂದು ಹಾಕಿದ ಮೆಸೇಜು ಆ ಮನುಷ್ಯನಿಗೆ ಕೊಡುವ 40,000ಕ್ಕಿಂತ ಬೆಲೆಯದ್ದು. ಅದನ್ನು ಅಳಿಸಬೇಡಿ. ಅವನಿಗೆ ಒಂದು ರೂಪಾಯಿ ಕೊಡಬೇಡಿ. ಹೀಗೆ ಹೆಂಡತಿಯ ಬಳೆ ಅಡ ಇಟ್ಟು ದುಡ್ಡು ಕೊಟ್ಟವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಹೊಸ ಕಾನೂನಿನಲ್ಲಿ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಲ್ವಾ? — ಹೊನ್ನಾವರ

ಅಲ್ಲ. ನಿಗದಿತ ಅವಧಿಗೆ ನೇಮಕ ಆದವರಿಗೆ ಮಾತ್ರ. ಉಳಿದವರಿಗೆ 5 ವರ್ಷವೇ.

ಪ್ರಶ್ನೆ: ಕಂಟ್ರಾಕ್ಟರ್ ಬದಲಾದಾಗೆಲ್ಲ ಸೈಬರ್ ಅಂಗಡಿಯವರು ಪಿಎಫ್ ತೆಗೆದುಕೊಡ್ತಾರೆ. ತೆಗೀಬಹುದಾ? — ಅಂಕೋಲಾ

ಅಂಗಡಿಯವನಿಗೆ ಕಮಿಷನ್ ಸಿಗುತ್ತದೆ, ಅದಕ್ಕೆ ತೆಗೆದುಕೊಡುತ್ತಾನೆ. ಪೆನ್ಶನ್ ಭಾಗವನ್ನೂ ತೆಗೆದರೆ ಅಷ್ಟು ವರ್ಷದ ಸೇವೆ ಲೆಕ್ಕದಿಂದ ಹೋಗುತ್ತದೆ. ಪೆನ್ಶನ್‌ಗೆ 10 ವರ್ಷ ಬೇಕು. ಕಂಟ್ರಾಕ್ಟರ್ ಎಷ್ಟು ಸಲ ಬದಲಾದರೂ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್, ಒಂದೇ ಇರಲಿ, ಹಳೆಯದನ್ನು ಹೊಸದಕ್ಕೆ ವರ್ಗ ಮಾಡಿಸಿ. ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ. ಸಂಬಳದಲ್ಲಿ ಹಿಡಿದು ಖಾತೆಗೆ ಕಟ್ಟದೆ ಇದ್ದರೆ ಹುಬ್ಬಳ್ಳಿ ಪಿಎಫ್ ಕಚೇರಿಗೆ ದೂರು ಕೊಡಿ. ಕಂಟ್ರಾಕ್ಟರ್ ಓಡಿಹೋದರೂ ಮುಖ್ಯ ಕಂಪನಿಯ ಜವಾಬ್ದಾರಿ ತಪ್ಪುವುದಿಲ್ಲ. ಸಂಬಳದ ಬಾಕಿಗೂ ಇದೇ ಮಾತು.

ಪ್ರಶ್ನೆ: ಮಗ ಅಪ್ರೆಂಟಿಸ್. ಪ್ರೆಸ್ ಮಷಿನ್‌ನಲ್ಲಿ ಬಲಗೈಯ ಎರಡು ಬೆರಳು ಹೋಗಿವೆ. ಅಪ್ರೆಂಟಿಸ್‌ಗೆ ಇಎಸ್‌ಐ ಇಲ್ಲ, ಏನೂ ಸಿಗಲ್ಲ ಎಂದು 25,000 ಕೊಟ್ಟು ಕಳಿಸಿದ್ದಾರೆ. — ಶಿರಸಿ ಹತ್ತಿರದ ಹಳ್ಳಿಯ ತಾಯಿ

ಅಕ್ಕಾ, ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸ ಮಾಡಲು ಆಗಲಿಲ್ಲ. ಮನೆಯಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಹತ್ತಿರ ಮಕ್ಕಳನ್ನು ಕೂರಿಸದೆ ಬೆಳೆಸಿದವರು ನೀವು. ಅಂಥ ಹುಡುಗನನ್ನು ಸೆನ್ಸರ್ ಕೆಟ್ಟ ಪ್ರೆಸ್ಸಿಗೆ ನಿಲ್ಲಿಸಿದ್ದಾರೆ ಎಂದು ಬರೆದಿದ್ದೀರಿ.

ಅವರು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಮೋಸ. ಅಪ್ರೆಂಟಿಸ್‌ಗೆ ಇಎಸ್‌ಐ ಇಲ್ಲ, ಹೌದು. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯ 16ನೇ ಕಲಂ ಪ್ರಕಾರ ತರಬೇತಿಯಲ್ಲಿ ಪೆಟ್ಟಾದರೆ ಕೆಲಸಗಾರನಿಗೆ ಕೊಡುವಂತೆಯೇ ಪರಿಹಾರ ಕೊಡಬೇಕು. ವಯಸ್ಸು ಕಡಿಮೆ ಇದ್ದಷ್ಟೂ ಪರಿಹಾರ ಜಾಸ್ತಿ. 25,000 ತೆಗೆದುಕೊಂಡಿದ್ದರಿಂದ ಹಕ್ಕು ಮುಗಿಯಲಿಲ್ಲ. ಇನ್ನು ಮೇಲೆ ಯಾವ ಕಾಗದಕ್ಕೂ ಸಹಿ ಬೇಡ. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಅಪ್ರೆಂಟಿಸ್ ಒಪ್ಪಂದದ ಪ್ರತಿ, ಆ ದಿನ ಶಿಫ್ಟಿನಲ್ಲಿದ್ದ ಇಬ್ಬರು ಹುಡುಗರ ಫೋನ್ ನಂಬರ್ ಇಷ್ಟನ್ನು ಒಟ್ಟು ಮಾಡಿ. ಅಪ್ರೆಂಟಿಸ್ ಅಲ್ಲದೆ ಬರೀ ‘ಟ್ರೈನಿ’ ಎಂದು ಬಾಯಲ್ಲಿ ಹೇಳಿ ದುಡಿಸಿಕೊಂಡಿದ್ದರೆ ಇನ್ನೂ ಒಳ್ಳೆಯದಾಯಿತು, ಅವನು ಕೆಲಸಗಾರನೇ ಎಂದು ವಾದಿಸುತ್ತೇನೆ. ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡ ಎಷ್ಟೋ ಜನರಿಗೆ ಇಎಸ್‌ಐ ಕಾರ್ಡು ಸಿಕ್ಕಿದ್ದು ಅಪಘಾತ ಆದ ಮೇಲೆ ಎಂದು ‘ಸೇಫ್ ಇನ್ ಇಂಡಿಯಾ’ ಸಂಸ್ಥೆಯ ವರದಿಗಳು ವರ್ಷ ವರ್ಷ ಹೇಳುತ್ತಿವೆ. ಹಾಗಾಗಿ ಪೇ ಸ್ಲಿಪ್ ಸಿಕ್ಕರೆ ಅದನ್ನೂ ತನ್ನಿ, ಯಾವ ತಾರೀಕಿಗೆ ಏನು ಮಾಡಿದ್ದಾರೆ ಎಂದು ನೋಡಬೇಕು.

ಮಗನನ್ನೂ ಕರೆದುಕೊಂಡು ಬನ್ನಿ. ಸಂಜೆ ಐದರ ನಂತರ ಮನೆಯಲ್ಲೇ ಇರುತ್ತೇನೆ. ನೀವು ಫೀಸು ಕೊಡಬೇಕಾಗಿಲ್ಲ.