ಹಳೇ ಡಿಜಿಟಲ್ ಕ್ಯಾಮೆರಾವನ್ನು ಮನೆಯಲ್ಲೇ ಇನ್‌ಫ್ರಾರೆಡ್ ಮಾಡಿಕೊಳ್ಳಬಹುದಾ?

ಮನೆಯಲ್ಲಿ ಒಂದು ಹಳೇ ಡಿಎಸ್‌ಎಲ್‌ಆರ್, ಒಂದು ಪುಟ್ಟ ಪಾಯಿಂಟ್ ಅಂಡ್ ಶೂಟ್ ಸುಮ್ನೆ ಬಿದ್ದಿವೆ, ಒಳಗಿನ ಫಿಲ್ಟರ್ ತೆಗೆದರೆ ಸಾಕಾ, ಅಪಾಯ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಮಾಡಬಹುದು. ನಾನು ಎರಡು ಕ್ಯಾಮೆರಾ ಮಾಡಿದ್ದೇನೆ, ಮೊದಲು ಒಂದು ಪಾಯಿಂಟ್ ಅಂಡ್ ಶೂಟ್, ಆಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡ ನಿಕಾನ್ ಡಿ70. ಆದರೆ ಫಿಲ್ಟರ್ ತೆಗೆದರೆ ಸಾಕು ಅನ್ನೋದು ಸರಿಯಲ್ಲ. ತೆಗೆದ ಜಾಗಕ್ಕೆ ಬೇರೆ ಗಾಜು ಬರಲೇಬೇಕು. ಅಪಾಯ ಖಂಡಿತ ಇದೆ, ಅದು ಫ್ಲ್ಯಾಶ್‌ನಲ್ಲಿದೆ. ಎರಡನ್ನೂ ಹೇಳುತ್ತೇನೆ.

ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಸೆನ್ಸರ್ ಸಿಲಿಕಾನ್‌ನದ್ದು. ನಮ್ಮ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೋಮೀಟರ್ ಬೆಳಕು ಕಾಣುತ್ತದೆ, ಸಿಲಿಕಾನ್‌ಗೆ ಹೆಚ್ಚುಕಮ್ಮಿ 1100ರವರೆಗೂ ಕಾಣುತ್ತದೆ. ಅಷ್ಟೂ ಒಳಗೆ ಬಂದರೆ ಫೋಟೋದ ಬಣ್ಣ ಕೆಡುತ್ತದೆ. ಹಾಗಾಗಿ ಇನ್‌ಫ್ರಾರೆಡ್, ಅಂದರೆ 700ರ ಆಚೆಯ ಕಣ್ಣಿಗೆ ಕಾಣದ ಬೆಳಕನ್ನು, ತಡೆಯೋ ಒಂದು ಗಾಜನ್ನು ಸೆನ್ಸರ್ ಮುಂದೆ ಕೂರಿಸಿರುತ್ತಾರೆ. ನಾವು ತೆಗೆಯೋದು ಅದನ್ನೇ. ನಿಮ್ಮ ಕ್ಯಾಮೆರಾದಲ್ಲಿ ಆ ಗಾಜು ಎಷ್ಟು ಬಿಗಿ ಅಂತ ತಿಳಿಯಬೇಕಾದರೆ ಟಿವಿ ರಿಮೋಟ್ ಅನ್ನು ಲೆನ್ಸ್ ಕಡೆ ತಿರುಗಿಸಿ ಗುಂಡಿ ಒತ್ತಿ ಒಂದು ಫೋಟೋ ತೆಗೆಯಿರಿ. ರಿಮೋಟ್ ತುದಿಯ ದೀಪ ಬೆಳಗಿದ ಹಾಗೆ ಕಂಡರೆ ಸ್ವಲ್ಪ ಇನ್‌ಫ್ರಾರೆಡ್ ಈಗಲೂ ಒಳಗೆ ಬರುತ್ತಿದೆ ಅಂತ ಅರ್ಥ.

ಇದು ಶಾಖ ಕಾಣಿಸೋ ಕ್ಯಾಮೆರಾ ಆಗೋದಿಲ್ಲ. ತುಂಬಾ ಜನ ಹಾಗೆ ಅಂದುಕೊಂಡು ಶುರು ಮಾಡಿ ಬೇಜಾರಾಗುತ್ತಾರೆ. ಥರ್ಮಲ್ ಕ್ಯಾಮೆರಾ ನೋಡೋದು 8ರಿಂದ 14 ಮೈಕ್ರೋಮೀಟರ್ ಅಲೆಗಳನ್ನು, ಸಿಲಿಕಾನ್ ಅಷ್ಟು ದೂರ ಹೋಗೋದೇ ಇಲ್ಲ. ನಾವು ಹಿಡಿಯೋದು ಬಿಸಿಲಿನಲ್ಲೇ ಇರುವ ಇನ್‌ಫ್ರಾರೆಡ್ ವಸ್ತುಗಳ ಮೇಲೆ ಬಿದ್ದು ವಾಪಸ್ ಬರುವುದನ್ನು. ಎಲೆಯ ಹಸಿರು ಪದಾರ್ಥ ಕೆಂಪು, ನೀಲಿ ಬೆಳಕನ್ನು ಕುಡಿಯುತ್ತದೆ, ಆದರೆ ಇನ್‌ಫ್ರಾರೆಡ್ ಅನ್ನು ಹಾಗೇ ಬಿಡುತ್ತದೆ. ಎಲೆಯೊಳಗಿನ ಕೋಶಗಳು, ಅವುಗಳ ನಡುವಿನ ಗಾಳಿ ಸೇರಿ ಅದನ್ನು ಹೊರಗೆ ಎರಚುತ್ತವೆ. ಅದಕ್ಕೇ ಮರ ಬೆಳ್ಳಗೆ ಕಾಣೋದು. ಆಕಾಶ, ನೀರು ಎರಡೂ ಕಪ್ಪು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂಥ ಚಿತ್ರಗಳನ್ನು 1910ರಲ್ಲೇ ಪ್ರಕಟಿಸಿದ್ದರು, ಎಲೆ ಹೀಗೆ ಬೆಳಗೋದಕ್ಕೆ ಇವತ್ತಿಗೂ ಅವರದೇ ಹೆಸರು. 1988ರಲ್ಲಿ ಮೇಲೆ ಹೋದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾದಲ್ಲೂ ಇದೇ ಇನ್‌ಫ್ರಾರೆಡ್ ಅನ್ನು ಹಿಡಿಯೋಕೆ ಅಂತ ಒಂದು ಬ್ಯಾಂಡ್ ಇತ್ತು. ಬೆಳೆ ಎಲ್ಲಿದೆ, ಬರಡು ಎಲ್ಲಿ ಅಂತ ಮೇಲಿಂದ ಗೊತ್ತಾಗೋದು ಎಲೆಯ ಈ ಗುಣದಿಂದಲೇ. ನನಗೆ ಈ ಹುಚ್ಚು ಹತ್ತಿದ್ದೂ ಇದನ್ನು ತಿಳಿದ ಮೇಲೆ.

ಈಗ ಫ್ಲ್ಯಾಶ್. ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ತುಂಬಿರುತ್ತದೆ. ಬ್ಯಾಟರಿ ತೆಗೆದರೂ ಅದು ಅಲ್ಲೇ ಕೂತಿರುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಪುಟ್ಟ ಕ್ಯಾಮೆರಾದಲ್ಲಿ ಇನ್ನೂ ಹುಷಾರಾಗಿರಬೇಕು, ಯಾಕಂದ್ರೆ ಕವರ್ ಬಿಚ್ಚಿದ ತಕ್ಷಣ ಬೆರಳು ಹೋಗುವ ಜಾಗದಲ್ಲೇ ಅದರ ಕಾಲುಗಳು ಇರುತ್ತವೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಬೇಡಿ, ಕಿಡಿ ಹಾರಿ ಬೋರ್ಡ್ ಸುಡುತ್ತದೆ. 2 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಒಂದಕ್ಕೆ ಎರಡು ವೈರ್ ಬೆಸೆದು, ಬೆಸುಗೆ ಮೇಲೆ ಟೇಪ್ ಸುತ್ತಿ, ಕೆಪಾಸಿಟರ್‌ನ ಎರಡು ಕಾಲಿಗೂ ಕೆಲವು ಸೆಕೆಂಡ್ ಮುಟ್ಟಿಸಿ ಹಿಡಿಯಿರಿ. ಆಮೇಲೆ ಮಲ್ಟಿಮೀಟರ್ ಇಟ್ಟು ಸೊನ್ನೆಗೆ ಬಂದಿದೆಯಾ ನೋಡಿ. ಬೆಂಗಳೂರಲ್ಲಿದ್ದರೆ ಇದೆಲ್ಲ ಎಸ್‌ಪಿ ರೋಡ್‌ನಲ್ಲಿ ಸಿಗುತ್ತದೆ. ಈ ಕೆಲಸ ಗೊತ್ತಿಲ್ಲ ಅಂದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕವರ್ ಬಿಚ್ಚಿ, ಇದರಲ್ಲಿ ಮಾತ್ರ ಧೈರ್ಯ ತೋರಿಸಬೇಡಿ.

ಬಿಚ್ಚೋದು ತಾಳ್ಮೆಯ ಕೆಲಸ ಅಷ್ಟೇ. ಜಪಾನಿ ಕ್ಯಾಮೆರಾಗಳ ಸ್ಕ್ರೂ ತಲೆ ಪ್ಲಸ್ ತರ ಕಂಡರೂ ಅದು ಜೆಐಎಸ್ ಅನ್ನೋ ಜಪಾನಿನ ಅಳತೆ, ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಪ್ರತಿ ಹಂತಕ್ಕೂ ಫೋನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ರಿಬ್ಬನ್ ಕೇಬಲ್ ಎಳೆಯೋ ಮುಂಚೆ ಕನೆಕ್ಟರ್ ಮೇಲಿನ ಪುಟ್ಟ ಚಿಲಕ ಎತ್ತಬೇಕು. ಸೆನ್ಸರ್ ಬಿಚ್ಚಿದಾಗ ಅದರ ಮೇಲೆ, ಸಾಮಾನ್ಯವಾಗಿ ಒಂದು ರಬ್ಬರ್ ಚೌಕಟ್ಟಿನ ಜೊತೆ, ತಿಳಿ ಹಸಿರು ನೀಲಿ ಛಾಯೆಯ ಗಾಜು ಕಾಣುತ್ತದೆ. ಅದೇ ಫಿಲ್ಟರ್. ಅದರ ಕೆಳಗೆ ಸೆನ್ಸರ್‌ಗೇ ಅಂಟಿದ ಇನ್ನೊಂದು ಗಾಜು ಇರುತ್ತದೆ, ಅದನ್ನು ಕೀಳಬೇಡಿ, ಅದರಡಿ ಕೂದಲಿಗಿಂತ ಸಣ್ಣ ತಂತಿಗಳಿವೆ.

ಇನ್ನು ಗಾಜಿನ ವಿಷಯ. ಮೊದಲನೇ ಸಲ ನಾನು ಫಿಲ್ಟರ್ ತೆಗೆದು, ಜಾಗ ಖಾಲಿ ಬಿಟ್ಟು, ಕ್ಯಾಮೆರಾ ಮುಚ್ಚಿದ್ದೆ. ಆನ್ ಆಯಿತು, ತುಂಬಾ ಖುಷಿಯಾಯಿತು. ಆದರೆ ಒಂದು ಗೇಣು ದೂರದ ದಾಸವಾಳ ಸ್ಪಷ್ಟ, ಎದುರು ಮನೆಯ ತೆಂಗಿನಮರ ಬರೀ ಮಬ್ಬು. ಕಾರಣ ಇಷ್ಟು: ಬೆಳಕು ಗಾಜಿನೊಳಗೆ ಬಾಗುವುದರಿಂದ ಲೆನ್ಸ್‌ನ ಫೋಕಸ್ ಬೀಳುವ ಜಾಗ ಗಾಜಿನ ದಪ್ಪದ ಸುಮಾರು ಮೂರನೇ ಒಂದು ಭಾಗ ಹಿಂದಕ್ಕೆ ಹೋಗಿರುತ್ತದೆ. 1 ಮಿಲಿಮೀಟರ್ ಗಾಜು ತೆಗೆದರೆ ಅದು 0.3 ಮಿಲಿಮೀಟರ್‌ನಷ್ಟು ಮುಂದಕ್ಕೆ ಬರುತ್ತದೆ. ಕೇಳೋಕೆ ಏನೂ ಅಲ್ಲ, ಆದರೆ ಪುಟ್ಟ ಕ್ಯಾಮೆರಾದ 6 ಮಿಲಿಮೀಟರ್ ಲೆನ್ಸ್‌ಗೆ ದೂರದ ವಸ್ತು ಸಿಗದೇ ಹೋಗಲು ಅಷ್ಟು ಸಾಕು. ಮತ್ತೆ ಬಿಚ್ಚಿದೆ. ತೆಗೆದ ಫಿಲ್ಟರ್ ಅನ್ನು ವರ್ನಿಯರ್‌ನಲ್ಲಿ ಅಳೆದರೆ ಸುಮಾರು 1 ಮಿಲಿಮೀಟರ್ ಬಂತು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗೋ ಮೈಕ್ರೋಸ್ಕೋಪ್ ಸ್ಲೈಡ್ ಕೂಡ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಗಾಜು ಕೊಯ್ಯುವವರ ಹತ್ತಿರ ಅದೇ ಅಳತೆಗೆ ತುಂಡು ಮಾಡಿಸಿ, ತೊಳೆದು ಒರೆಸಿ ಕೂರಿಸಿದೆ. ತೆಂಗಿನ ಗರಿ ಒಂದೊಂದೂ ಎಣಿಸೋ ಹಾಗೆ ಬಂತು!

ಪುಟ್ಟ ಕ್ಯಾಮೆರಾಗೆ ಹೀಗೆ ಒಳಗೆ ಬರೀ ಗಾಜು ಹಾಕಿ, 720 ನ್ಯಾನೋಮೀಟರ್ ಫಿಲ್ಟರ್ (ಹೆಚ್ಚುಕಮ್ಮಿ ಅದರಾಚೆಯ ಇನ್‌ಫ್ರಾರೆಡ್ ಅನ್ನು ಮಾತ್ರ ಒಳಗೆ ಬಿಡೋ ಗಾಜು) ಅನ್ನು ಲೆನ್ಸ್ ಮುಂದೆ ಹಿಡಿಯೋದು ಒಳ್ಳೇದು. ಹಿಂದೆ ಇರೋ ಪರದೆಯಲ್ಲೇ ಎಲ್ಲ ಕಾಣುತ್ತದೆ, ಫೋಕಸ್ ಕೂಡ ಸೆನ್ಸರ್‌ನಿಂದಲೇ ಆಗುತ್ತದೆ. ಡಿಎಸ್‌ಎಲ್‌ಆರ್‌ಗೆ ಅದು ಆಗಲ್ಲ, ಮುಂದೆ ಫಿಲ್ಟರ್ ಹಾಕಿದರೆ ವ್ಯೂಫೈಂಡರ್ ಕತ್ತಲು. ಅದಕ್ಕೆ ಸೆನ್ಸರ್ ಅಳತೆಗೇ ಕೊಯ್ದ 720 ಗಾಜು ತರಿಸಿ ಒಳಗೆ ಹಾಕಬೇಕು, ಡಿ70ಗೆ ಹಾಗೇ ಮಾಡಿದೆ. ಅದರಲ್ಲಿ ಲೈವ್ ವ್ಯೂ, ಅಂದರೆ ತೆಗೆಯೋ ಮುಂಚೆಯೇ ಹಿಂದಿನ ಪರದೆಯಲ್ಲಿ ಚಿತ್ರ ನೋಡೋದು, ಇಲ್ಲ, ಆಟೋಫೋಕಸ್ ಬೇರೆ ಸೆನ್ಸರ್‌ನಿಂದ ನಡೆಯುತ್ತದೆ, ಇನ್‌ಫ್ರಾರೆಡ್‌ಗೆ ಫೋಕಸ್ ಜಾಗವೂ ಸ್ವಲ್ಪ ಬೇರೆ. ಹಾಗಾಗಿ ನಾನು ಲೆನ್ಸ್‌ನ ಅಪರ್ಚರ್ (ಬೆಳಕು ಬರೋ ಕಿಂಡಿ) ಎಫ್ 8 ಅಥವಾ 11ಕ್ಕೆ ಕಿರಿದು ಮಾಡಿಟ್ಟು, ಕೈಯಲ್ಲೇ ಫೋಕಸ್ ತಿರುಗಿಸಿ, ಮೂರ್ನಾಲ್ಕು ತೆಗೆದು ಆರಿಸಿಕೊಳ್ಳುತ್ತೇನೆ. ನಿಮ್ಮದರಲ್ಲಿ ಲೈವ್ ವ್ಯೂ ಇದ್ದರೆ ಈ ತಲೆನೋವು ಬಹಳ ಕಡಿಮೆ.

ಧೂಳು ಇನ್ನೊಂದು ಕಾಟ. ಗಾಜಿನಡಿ ಒಂದು ಕಣ ಸಿಕ್ಕಿದರೂ ಪ್ರತಿ ಫೋಟೋದಲ್ಲಿ ಕಲೆ. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆ ಇಳಿದು ಧೂಳೆಲ್ಲ ಕೆಳಗೆ ಕೂತ ಮೇಲೆ, ಫ್ಯಾನ್ ಇಲ್ಲದೆ ಅಲ್ಲೇ ಗಾಜು ಕೂರಿಸಿದೆ.

ಮೊದಲನೇ ಫೋಟೋ ಪೂರ್ತಿ ಕೆಂಪಾಗಿ ಬರುತ್ತದೆ, ಗಾಬರಿ ಬೇಡ. ಬಿಸಿಲಲ್ಲಿರೋ ಹುಲ್ಲಿನ ಮೇಲೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿ, ಅಂದರೆ ಆ ಹುಲ್ಲನ್ನೇ ಬಿಳಿ ಅಂತ ಕ್ಯಾಮೆರಾಗೆ ತೋರಿಸಿ. ಆಮೇಲೆ ಕಂಪ್ಯೂಟರಲ್ಲಿ ಕೆಂಪು, ನೀಲಿ ಚಾನೆಲ್ ಅದಲುಬದಲು ಮಾಡಿದರೆ ಆಕಾಶ ನೀಲಿಯಾಗುತ್ತದೆ. ಬೇರೆ ಫೋಟೋಗ್ರಾಫರ್‌ಗಳು ಕ್ಯಾಮೆರಾ ಒಳಗಿಡೋ ಮಟಮಟ ಮಧ್ಯಾಹ್ನ ಇದಕ್ಕೆ ಒಳ್ಳೇ ಹೊತ್ತು. ನಾನು ಹಂಪಿಯಲ್ಲಿ ಹನ್ನೆರಡೂವರೆಗೆ ತೆಗೆದದ್ದರಲ್ಲಿ ಬಂಡೆಗಳು ಬೂದು, ತುಂಗಭದ್ರೆ ಮಸಿಯಂತೆ ಕಪ್ಪು, ದಡದ ಬಾಳೆತೋಟ ಮಂಜು ಬಿದ್ದ ಹಾಗೆ ಬೆಳ್ಳಗಿದೆ.

ಡಿಎಸ್‌ಎಲ್‌ಆರ್ ಮುಟ್ಟೋದು ಆಮೇಲೆ, ಮೊದಲು ಪುಟ್ಟದನ್ನು ಮಾಡಿ. ಎರಡರ ಮಾಡೆಲ್ ಹೆಸರೂ ಇಲ್ಲಿ ಬರೆಯಿರಿ. ಕೆಲವು ಡಿಎಸ್‌ಎಲ್‌ಆರ್‌ಗಳಲ್ಲಿ ಧೂಳು ಒದರುವ ಗಾಜು ಫಿಲ್ಟರ್ ಜೊತೆಗೇ ಇರುತ್ತದೆ, ನಿಮ್ಮದು ಹಾಗಿದ್ದರೆ ಬಿಚ್ಚೋ ರೀತಿ ಬೇರೆ.